ಬಿ.ಎ., ಬಿ.ಕಾಂ. ಓದಿದವರು ಎಂಸಿಎ ಸೇರಬಹುದೇ? ಬಾಗಿಲು ಅಗಲವಾಗಿದೆ, ಮೆಟ್ಟಿಲು ಕಡಿಮೆಯಾಗಿದೆ

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲೋ ಬೆಳ್ತಂಗಡಿಯ ಒಂದು ಮದುವೆ ಊಟದ ಪಂಕ್ತಿಯಲ್ಲೋ ಈ ಮಾತು ನೀವೂ ಕೇಳಿರಬಹುದು: "ಬಿ.ಕಾಂ. ಮಾಡಿದವಳಿಗೆ ಕಂಪ್ಯೂಟರ್ ಯಾಕೆ ಮಾರಾಯ್ರೆ? ಅದೆಲ್ಲ ಸೈನ್ಸ್‌ನವರಿಗೆ." ಪಕ್ಕದಲ್ಲಿ ಕೂತವರು ಕೂಡಲೇ ಉಲ್ಟಾ ಹೇಳುತ್ತಾರೆ: "ಈಗ ಯಾರು ಬೇಕಾದರೂ ಎಂಸಿಎ ಮಾಡಬಹುದು. ಎರಡೇ ವರ್ಷ. ಮತ್ತೆ ಸೀದಾ ಬೆಂಗಳೂರು." ಈ ಎರಡು ಮಾತುಗಳ ನಡುವೆ ಪದವಿ ಮುಗಿಸಿದ ಹುಡುಗಿ ಅಥವಾ ಹುಡುಗ ಸುಮ್ಮನೆ ಕೂತಿರುತ್ತಾರೆ. ಅವರ ಎರಡು ವರ್ಷ ಮತ್ತು ಮನೆಯವರ ಕೆಲವು ಲಕ್ಷ ರೂಪಾಯಿ ಈ ನಿರ್ಧಾರದ ಮೇಲೆ ನಿಂತಿರುತ್ತದೆ.

ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಬೇರೆ ವಿಷಯ ಓದಿದವರಿಗೆ ಕಂಪ್ಯೂಟರ್ ವಿಜ್ಞಾನದ ಬಾಗಿಲು ಮುಚ್ಚಿಲ್ಲ, ಹಿಂದಿಗಿಂತ ಅಗಲವಾಗಿಯೇ ತೆರೆದಿದೆ. ಆದರೆ ಬಾಗಿಲಿನಿಂದ ಒಳಗೆ ಹತ್ತಲು ಮೊದಲು ಇದ್ದ ಒಂದು ವರ್ಷದ ಮೆಟ್ಟಿಲು ಈಗ ಇಲ್ಲ. ಈ ಎರಡನೆಯ ಸಂಗತಿಯನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಹಾಗಾಗಿ ನಾವು ಈ ಲೇಖನದಲ್ಲಿ ಅದನ್ನೇ ಬಿಡಿಸಿ ನೋಡುತ್ತೇವೆ.

'ಕನ್ವರ್ಶನ್' ಪದವಿ ಎಂದರೇನು?

ಪದವಿಯಲ್ಲಿ ಇತಿಹಾಸ, ವಾಣಿಜ್ಯ, ಸಸ್ಯಶಾಸ್ತ್ರ ಹೀಗೆ ಯಾವುದೋ ವಿಷಯ ಓದಿದವರನ್ನು ತೆಗೆದುಕೊಂಡು, ಕಂಪ್ಯೂಟರ್ ವಿಜ್ಞಾನವನ್ನು ಅಡಿಪಾಯದಿಂದ ಕಲಿಸುವ ಸ್ನಾತಕೋತ್ತರ ಪದವಿಗೆ ಕನ್ವರ್ಶನ್ ಮಾಸ್ಟರ್ಸ್ ಎನ್ನುತ್ತಾರೆ. ಈ ಹೆಸರು ಹೆಚ್ಚು ಬಳಕೆಯಲ್ಲಿರುವುದು ಬ್ರಿಟನ್ನಿನಲ್ಲಿ. ಅಲ್ಲಿ ಇದು ಸಾಮಾನ್ಯವಾಗಿ ಒಂದು ವರ್ಷದ ಎಂ.ಎಸ್ಸಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಇಂಥದೇ ಒಂದು ಕೋರ್ಸನ್ನು 2001ರಿಂದ ನಡೆಸುತ್ತಿದೆ. ಜರ್ಮನಿಯ ಕಥೆ ಬೇರೆ. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಪದವಿಯಲ್ಲೇ ಆ ವಿಷಯ ಓದಿರಬೇಕು. ಆದ್ದರಿಂದ "ಫಾರಿನ್‌ನಲ್ಲಿ ಯಾರು ಬೇಕಾದರೂ ಮಾಡಬಹುದು" ಎಂಬ ಏಜೆಂಟರ ಮಾತನ್ನು ದೇಶ ನೋಡಿ, ಕೋರ್ಸ್ ನೋಡಿ ತೂಗಬೇಕು.

ನಮ್ಮ ದೇಶದಲ್ಲಿ ಕನ್ವರ್ಶನ್ ಎಂಬ ಬೋರ್ಡು ಹಾಕಿಕೊಂಡ ಪದವಿ ಕಾಣಸಿಗುವುದು ಅಪರೂಪ. ಹಾಗೆಂದು ಅಂಥ ಪದವಿಯೇ ಇಲ್ಲವೆಂದಲ್ಲ. ಅದರ ಹೆಸರು ನಮಗೆಲ್ಲ ಗೊತ್ತಿರುವ ಎಂಸಿಎ, ಅಂದರೆ ಮಾಸ್ಟರ್ ಆಫ್ ಕಂಪ್ಯೂಟರ್ ಅಪ್ಲಿಕೇಶನ್ಸ್.

ಎಂಸಿಎ ಹುಟ್ಟಿದ್ದೇ ಬೇರೆ ವಿಷಯದವರಿಗಾಗಿ

ಇಂದು ಎಂಸಿಎ ಎಂದರೆ ಬಿಸಿಎ ಮಾಡಿದವರ ಮುಂದಿನ ಮೆಟ್ಟಿಲು ಎಂದೇ ಹೆಚ್ಚಿನವರ ಎಣಿಕೆ. ಇತಿಹಾಸ ತಿರುಗಿ ನೋಡಿದರೆ ವಿಷಯ ಉಲ್ಟಾ ಇದೆ.

1980ರ ದಶಕದ ಆರಂಭದಲ್ಲಿ ಭಾರತದಲ್ಲಿ ಕಂಪ್ಯೂಟರುಗಳು ಕಚೇರಿಗಳಿಗೆ ಬರಲು ಶುರುವಾಗಿದ್ದವು. ಅವುಗಳಿಗೆ ಪ್ರೋಗ್ರಾಂ ಬರೆಯುವವರು ಬೇಕಿತ್ತು, ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುತ್ತಿದ್ದವರು ಸಾಲುತ್ತಿರಲಿಲ್ಲ. ಇನ್ನೊಂದು ಕಡೆ ವಿಜ್ಞಾನ, ವಾಣಿಜ್ಯ ಪದವೀಧರರು ಸಾಕಷ್ಟಿದ್ದರು. ಐಐಟಿ ಕಾನ್ಪುರದಲ್ಲಿ ಪಾಠ ಮಾಡಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಅವರ ನೇತೃತ್ವದ ಸಮಿತಿ ಈ ಎರಡನ್ನೂ ಜೋಡಿಸುವ ದಾರಿ ತೋರಿಸಿತು. ಬೇರೆ ವಿಷಯದ ಪದವೀಧರರಿಗೆ ಮೂರು ವರ್ಷ ಕಂಪ್ಯೂಟರ್ ಕಲಿಸುವ ಎಂಸಿಎ ಹುಟ್ಟಿದ್ದು ಹಾಗೆ. ರಾಜಾರಾಮನ್ ಅವರ ಪ್ರೋಗ್ರಾಮಿಂಗ್ ಪಠ್ಯಪುಸ್ತಕಗಳನ್ನು ಓದಿ ಬೆಳೆದ ಎರಡು ತಲೆಮಾರಿನ ಉಪನ್ಯಾಸಕರು ನಮ್ಮ ಜಿಲ್ಲೆಯಲ್ಲೂ ಸಿಗುತ್ತಾರೆ.

ಬಿಸಿಎ ಎಂಬ ಪದವಿ ಊರೂರಿನ ಕಾಲೇಜುಗಳಿಗೆ ಬಂದದ್ದು ಅದರ ಮೇಲೆಯೇ. ಅಂದರೆ "ಬಿಸಿಎ ಮಾಡದೆ ಎಂಸಿಎ ಹೇಗೆ?" ಎಂಬ ಪ್ರಶ್ನೆಯೇ ತಲೆಕೆಳಗು. ಮನೆಯ ಮೊದಲ ಯಜಮಾನ ಬಿ.ಎಸ್ಸಿ., ಬಿ.ಕಾಂ. ಓದಿದವನು. ಬಿಸಿಎಯವನು ನಂತರ ಬಂದವನು.

2020ರಲ್ಲಿ ಬದಲಾದದ್ದು ಏನು?

ಮೂರು ವರ್ಷದ ಎಂಸಿಎಯಲ್ಲಿ ಮೊದಲ ವರ್ಷ ಅಡಿಪಾಯದ್ದು. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು, ಕಂಪ್ಯೂಟರಿನ ಒಳರಚನೆ, ಅದಕ್ಕೆ ಬೇಕಾದ ಗಣಿತ, ಇವನ್ನು ಏನೂ ಗೊತ್ತಿಲ್ಲದವರಿಗೆ ಹೇಳಿಕೊಡುವ ವರ್ಷ. ಬಿಸಿಎ ಅಥವಾ ಕಂಪ್ಯೂಟರ್ ವಿಷಯದ ಬಿ.ಎಸ್ಸಿ. ಮಾಡಿದವರು ಇದನ್ನು ಆಗಲೇ ಕಲಿತಿರುತ್ತಾರೆ ಎಂದು ಅವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಲ್ಯಾಟರಲ್ ಪ್ರವೇಶ ಸಿಗುತ್ತಿತ್ತು.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, 2020-21ರ ಶೈಕ್ಷಣಿಕ ವರ್ಷದಿಂದ ಎಂಸಿಎಯನ್ನು ಎರಡು ವರ್ಷಕ್ಕೆ ಇಳಿಸಿತು. ಕಾರಣ ಸ್ಪಷ್ಟ. ಹೆಚ್ಚಿನವರು ಬಿಸಿಎಯಿಂದ ಬರುತ್ತಿದ್ದರು, ಅವರಿಗೆ ಮೊದಲ ವರ್ಷ ಬೇಕಿರಲಿಲ್ಲ. ಈಗ ಎಲ್ಲರೂ ಒಂದೇ ತರಗತಿಗೆ ಸೇರುತ್ತಾರೆ. ಬೇರೆ ವಿಷಯದಿಂದ ಬಂದವರಿಗೆ ಆ ಕಳೆದುಹೋದ ವರ್ಷದ ಬದಲು 'ಬ್ರಿಜ್ ಕೋರ್ಸ್' ಎಂಬ ಸಣ್ಣ ಹೆಚ್ಚುವರಿ ಪಾಠವಿದೆ. ಸಾಮಾನ್ಯವಾಗಿ ಅದು ಮೊದಲ ಸೆಮಿಸ್ಟರಿನಲ್ಲಿ, ಉಳಿದ ಎಲ್ಲ ವಿಷಯಗಳ ಜೊತೆಗೇ ನಡೆಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ವರ್ಷ ಎಂದರೆ ನಾಲ್ಕು ಸೆಮಿಸ್ಟರ್. ಕೊನೆಯ ಸೆಮಿಸ್ಟರಿನ ಹೆಚ್ಚಿನ ಪಾಲು ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್‌ಗೆ ಹೋಗುತ್ತದೆ. ಕ್ಯಾಂಪಸ್ ಸಂದರ್ಶನಗಳು ಹಲವು ಕಡೆ ಎರಡನೇ ವರ್ಷದ ಆರಂಭದಲ್ಲೇ ಶುರುವಾಗುತ್ತವೆ. ಹಾಗಾದರೆ ಬಿ.ಎ. ಮುಗಿಸಿ ಬಂದ ವಿದ್ಯಾರ್ಥಿ, ಕಾಲೇಜು ಸೇರಿದ ಸುಮಾರು ಒಂದು ವರ್ಷದೊಳಗೆ, ಮೂರು ವರ್ಷ ಬಿಸಿಎ ಓದಿದವರ ಪಕ್ಕದಲ್ಲಿ ಕೂತು ಅದೇ ಪರೀಕ್ಷೆ ಬರೆಯಬೇಕು. ಮೆಟ್ಟಿಲು ಕಡಿಮೆಯಾಗಿದೆ ಎಂದು ನಾವು ಹೇಳಿದ್ದು ಇದನ್ನೇ.

ಇನ್ನು ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಪಿಯುಸಿಯಲ್ಲಿ ಗಣಿತ ಇಲ್ಲದಿದ್ದರೆ ಎಂಸಿಎ ಇಲ್ಲ

ಇದು ಹಳೆಯ ಸತ್ಯ, ಇಂದಿನ ಅರ್ಧ ಸತ್ಯ. ಎಐಸಿಟಿಇಯ ಹಿಂದಿನ ನಿಯಮದಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಲೇಬೇಕಿತ್ತು. ಮುಂದೆ ಅದನ್ನು ಸಡಿಲಿಸಲಾಯಿತು. ಗಣಿತ ಇದ್ದರೆ ಒಳ್ಳೆಯದು, ಇಲ್ಲದವರಿಗೆ ವಿಶ್ವವಿದ್ಯಾಲಯವೋ ಕಾಲೇಜೋ ಕಡ್ಡಾಯ ಬ್ರಿಜ್ ಕೋರ್ಸ್ ಕೊಡಬೇಕು ಎಂಬ ರೂಪಕ್ಕೆ ಅದು ಬಂತು. ಪದವಿಯಲ್ಲಿ ಕನಿಷ್ಠ ಶೇ. 50, ಮೀಸಲಾತಿ ವರ್ಗದವರಿಗೆ ಶೇ. 45 ಅಂಕ ಬೇಕು ಎಂಬುದು ಉಳಿದಿದೆ.

ಆದರೆ ದೇಶದ ನಿಯಮ ಒಂದು, ನೀವು ಸೇರುವ ಕಡೆಯ ನಿಯಮ ಇನ್ನೊಂದು. ಎಐಸಿಟಿಇ ಹೇಳುವುದು ಕನಿಷ್ಠ ಅರ್ಹತೆ ಮಾತ್ರ. ರಾಜ್ಯದ ಪಿಜಿಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುವ ಮಾಹಿತಿ ಪುಸ್ತಿಕೆಯಲ್ಲಿ ಆ ವರ್ಷದ ಅರ್ಹತೆ ಇರುತ್ತದೆ. ಬಿ.ಕಾಂ.ನವರು ಅಲ್ಲಿ ಬಿಸಿನೆಸ್ ಮ್ಯಾಥಮ್ಯಾಟಿಕ್ಸ್, ಸ್ಟ್ಯಾಟಿಸ್ಟಿಕ್ಸ್‌ನಂಥ ವಿಷಯಗಳನ್ನು ಹೇಗೆ ಪರಿಗಣಿಸಿದ್ದಾರೆ ಎಂದು ವಿಶೇಷವಾಗಿ ಓದಬೇಕು. ಪಿಯುಸಿಯ ಎಸ್‌ಇಬಿಎ, ಸಿಇಬಿಎ ಎಂಬ ನಾಲ್ಕಕ್ಷರದೊಳಗೇ ನಿಮ್ಮ ಅರ್ಹತೆ ಅಡಗಿರಬಹುದು. ಮೊದಲನೆಯದರಲ್ಲಿ ಸಂಖ್ಯಾಶಾಸ್ತ್ರ ಇದೆ, ಎರಡನೆಯದರಲ್ಲಿ ಕಂಪ್ಯೂಟರ್ ಸೈನ್ಸ್ ಇದೆ.

ಸುರತ್ಕಲ್‌ನ ಎನ್‌ಐಟಿಕೆ ಸೇರಬೇಕೆಂದರೆ ದಾರಿ ಬೇರೆ. ಅಲ್ಲಿನ ಎಂಸಿಎಗೆ ನಿಮ್‌ಸೆಟ್ ಎಂಬ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು. ವಿಜ್ಞಾನ ಪದವೀಧರರು ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕು. ಪ್ರಶ್ನೆಪತ್ರಿಕೆಯಲ್ಲೂ ಗಣಿತದ ಭಾರ ಹೆಚ್ಚು.

ಅರ್ಹತೆ ಸಿಕ್ಕಿದ ಮಾತ್ರಕ್ಕೆ ಗಣಿತದಿಂದ ಬಿಡುಗಡೆಯಿಲ್ಲ. ಒಳಗೆ ಹೋದ ಮೇಲೆ ತರ್ಕ, ಗಣಗಳು, ಸಂಭವನೀಯತೆ ಇವು ಬಂದೇ ಬರುತ್ತವೆ. ಸಮಾಧಾನದ ವಿಷಯವೆಂದರೆ ಇದರಲ್ಲಿ ಹೆಚ್ಚಿನದು ಪಿಯುಸಿಯ ಕ್ಯಾಲ್ಕುಲಸ್ ಅಲ್ಲ. ಎಸ್‌ಎಸ್‌ಎಲ್‌ಸಿ ಗಣಿತ ಗಟ್ಟಿ ಇದ್ದವರು ಕೂತು ಓದಿದರೆ ಹಿಡಿಯಬಹುದಾದದ್ದು.

ನಂಬಿಕೆ 2: ಟ್ಯಾಲಿ, ಎಕ್ಸೆಲ್ ಬರುತ್ತದೆ, ಇನ್ನು ಕಂಪ್ಯೂಟರ್ ಸೈನ್ಸ್ ಸುಲಭ

ಕಾರು ಓಡಿಸಲು ಬರುವುದಕ್ಕೂ ಇಂಜಿನ್ ಬಿಚ್ಚಿ ಜೋಡಿಸಲು ಬರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಟ್ಯಾಲಿ ಬಳಸುವುದು ಒಂದು ಕೌಶಲ. ಟ್ಯಾಲಿಯಂಥದ್ದನ್ನು ಕಟ್ಟಲು ಬೇಕಾದ ಯೋಚನೆ ಕಂಪ್ಯೂಟರ್ ವಿಜ್ಞಾನ.

ಒಂದು ಉದಾಹರಣೆ. ಅಕಾರಾದಿಯಾಗಿ ಬರೆದ 1000 ಹೆಸರುಗಳ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಒಂದು ಹೆಸರು ಹುಡುಕಬೇಕು. ಮೊದಲಿನಿಂದ ಒಂದೊಂದೇ ನೋಡುತ್ತಾ ಹೋದರೆ ಕೆಟ್ಟ ದಿನ 1000 ಹೆಸರುಗಳನ್ನೂ ನೋಡಬೇಕಾದೀತು. ಅದರ ಬದಲು ನಡುವಿನ ಹೆಸರು ನೋಡಿ. ಬೇಕಾದ ಹೆಸರು ಅದಕ್ಕಿಂತ ಮುಂದಿದೆಯೋ ಹಿಂದಿದೆಯೋ ತಿಳಿಯುತ್ತದೆ, ಅರ್ಧ ಪಟ್ಟಿಯನ್ನು ಬಿಟ್ಟುಬಿಡಬಹುದು. ಉಳಿದದ್ದರ ನಡುವೆ ಮತ್ತೆ ನೋಡಿ. ಹೀಗೆ ಮಾಡಿದರೆ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಪಟ್ಟಿ ಒಂದು ಲಕ್ಷ ಹೆಸರುಗಳದ್ದಾದರೂ 17 ಸಲ ಸಾಕು. ನಿಘಂಟಿನಲ್ಲಿ ಪದ ಹುಡುಕುವಾಗ ನಾವೆಲ್ಲ ಹೆಚ್ಚುಕಡಿಮೆ ಮಾಡುವುದು ಇದನ್ನೇ. ಕಂಪ್ಯೂಟರ್ ವಿಜ್ಞಾನ ಕೇಳುವುದು ಇದು ಯಾಕೆ ಕೆಲಸ ಮಾಡುತ್ತದೆ, ಪಟ್ಟಿ ಅಕಾರಾದಿಯಾಗಿ ಇಲ್ಲದಿದ್ದರೆ ಏನಾಗುತ್ತದೆ, ದಿನವೂ ಹೊಸ ಹೆಸರು ಸೇರುತ್ತಿದ್ದರೆ ಹೇಗೆ ಇಡಬೇಕು ಎಂಬ ಪ್ರಶ್ನೆಗಳನ್ನು.

ಈ ಪ್ರಶ್ನೆಗಳು ನಿಮಗೆ ಕುತೂಹಲ ಹುಟ್ಟಿಸಿದರೆ ಅದು ಒಳ್ಳೆಯ ಲಕ್ಷಣ. ಬೇಸರ ತಂದರೆ ಅದೂ ಒಂದು ಮಾಹಿತಿಯೇ. ಫೀಸು ಕಟ್ಟುವ ಮೊದಲು ತಿಳಿದರೆ ಲಾಭ.

ನಂಬಿಕೆ 3: ಬ್ರಿಜ್ ಕೋರ್ಸ್ ಇದೆಯಲ್ಲ, ಅವರು ಕಲಿಸುತ್ತಾರೆ

ಬ್ರಿಜ್ ಕೋರ್ಸಿನ ಪಠ್ಯದಲ್ಲಿ ತಪ್ಪಿಲ್ಲ. ಇಗ್ನೋ ಎಂಸಿಎಗೆ ಬೇರೆ ವಿಷಯದಿಂದ ಸೇರುವವರು ಮಾಡಬೇಕಾದ ಬ್ರಿಜ್ ಕೋರ್ಸುಗಳನ್ನೇ ನೋಡಿ: ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್ ಒಂದು, ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಂ ಇನ್ನೊಂದು. ಆಯ್ಕೆ ಸರಿಯಾಗಿಯೇ ಇದೆ. ಬಿಸಿಎಯಲ್ಲಿ ಹಲವು ಸೆಮಿಸ್ಟರುಗಳಲ್ಲಿ ನಿಧಾನಕ್ಕೆ ಬೆಳೆಯುವ ತಿಳಿವಳಿಕೆಯ ತಿರುಳು ಇದು.

ಸಮಸ್ಯೆ ಇರುವುದು ಸಮಯದಲ್ಲಿ. ಪ್ರೋಗ್ರಾಮಿಂಗ್ ಓದಿ ಬರುವ ವಿದ್ಯೆಯಲ್ಲ, ಯಕ್ಷಗಾನದ ಹೆಜ್ಜೆಯ ಹಾಗೆ ಮಾಡಿ ಮಾಡಿ ಬರುವಂಥದ್ದು. ತಾಳ ತಿಳಿದ ಮಾತ್ರಕ್ಕೆ ಕಾಲು ಕೇಳುವುದಿಲ್ಲ. ನಾವು ಸಂವಹನ ಓದಿದವರು. ಒಂದು ಸಂಶೋಧನೆಗೆ ಸಾವಿರಾರು ಸುದ್ದಿ ಶೀರ್ಷಿಕೆಗಳನ್ನು ವಿಂಗಡಿಸಬೇಕಾಗಿ ಬಂದಾಗ ಪೈಥಾನ್ ಕಲಿಯಲು ಕೂತೆವು. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇತ್ತು. ಖಾಲಿ ಪರದೆಯ ಮುಂದೆ ಕೂತಾಗ ಒಂದು ಸಾಲೂ ಬರಲಿಲ್ಲ. ಸಾಲಿನ ಆರಂಭದಲ್ಲಿ ಒಂದು ಖಾಲಿ ಜಾಗ ಹೆಚ್ಚಾದದ್ದಕ್ಕೆ ಒಂದು ಸಂಜೆಯೇ ಹೋಯಿತು. ಅದು ನಮ್ಮ ದಡ್ಡತನವಲ್ಲ, ಆ ವಿದ್ಯೆಯ ಸ್ವಭಾವ ಎಂದು ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳು ನಮ್ಮ ಮೇಲೆ ಪರೀಕ್ಷೆಯ ಒತ್ತಡ ಇರಲಿಲ್ಲ. ಎಂಸಿಎ ಮೊದಲ ಸೆಮಿಸ್ಟರಿನಲ್ಲಿ ಇದೇ ಅನುಭವವಾದರೆ, ಪಕ್ಕದಲ್ಲಿ ಬಿಸಿಎ ಗೆಳತಿ ಅರ್ಧ ಗಂಟೆಯಲ್ಲಿ ಲ್ಯಾಬ್ ಮುಗಿಸಿ ಏಳುತ್ತಿದ್ದರೆ, "ಇದು ನನಗಲ್ಲ" ಎಂದು ಅನಿಸಿಬಿಡುವುದು ಸಹಜ.

ಬೇರೆ ವಿಷಯದಿಂದ ಬಂದವರು ಕುಸಿಯುವುದು ಹೆಚ್ಚಾಗಿ ಬುದ್ಧಿ ಸಾಲದೆ ಅಲ್ಲ, ಅಭ್ಯಾಸದ ಗಂಟೆಗಳು ಸಾಲದೆ. ಗಂಟೆಗಳನ್ನು ಮೊದಲೇ ಕೂಡಿಡಲು ಸಾಧ್ಯ. ಆ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇವೆ.

ನಂಬಿಕೆ 4: ಎಂಸಿಎ, ಎಂ.ಎಸ್ಸಿ., ಪಿಜಿಡಿಸಿಎ ಎಲ್ಲ ಒಂದೇ

ಒಂದೇ ಅಲ್ಲ. ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್‌ಗೆ ಸಾಮಾನ್ಯವಾಗಿ ಪದವಿಯಲ್ಲೇ ಕಂಪ್ಯೂಟರ್ ಅಥವಾ ಹತ್ತಿರದ ವಿಷಯ ಓದಿರಬೇಕು ಎನ್ನುತ್ತಾರೆ. ಯುಜಿಸಿಯ 2024ರ ಸ್ನಾತಕೋತ್ತರ ಚೌಕಟ್ಟು, ಪ್ರವೇಶ ಪರೀಕ್ಷೆ ಪಾಸಾದವರು ಪದವಿಯ ವಿಷಯ ಯಾವುದಿದ್ದರೂ ಬೇರೆ ವಿಷಯಕ್ಕೆ ಹೋಗಬಹುದು ಎಂದು ಹೇಳಿದೆ. ಆದರೆ ಅದನ್ನು ಜಾರಿಗೆ ತರಬೇಕಾದವರು ಆಯಾ ವಿಶ್ವವಿದ್ಯಾಲಯದವರು. ಅರ್ಜಿ ಹಾಕುವ ಮುನ್ನ ಅವರ ಅಧಿಸೂಚನೆಯನ್ನೇ ನೋಡಬೇಕು.

ಪಿಜಿಡಿಸಿಎ ಒಂದು ವರ್ಷದ ಡಿಪ್ಲೊಮಾ. ಅಡಿಪಾಯಕ್ಕೆ ಒಳ್ಳೆಯದು, ಖರ್ಚೂ ಕಡಿಮೆ. ಆದರೆ ಅದು ಸ್ನಾತಕೋತ್ತರ ಪದವಿಯಲ್ಲ. ಸಾಫ್ಟ್‌ವೇರ್ ಕಂಪೆನಿಗಳ ಹೊಸಬರ ನೇಮಕಾತಿ ಪ್ರಕಟಣೆಗಳಲ್ಲಿ ಬಿ.ಇ., ಬಿ.ಟೆಕ್., ಎಂಸಿಎ, ಎಂ.ಎಸ್ಸಿ. ಎಂದು ಪಟ್ಟಿ ಇರುವುದು ಸಾಮಾನ್ಯ. ಪಿಜಿಡಿಸಿಎ ಅಲ್ಲಿ ಕಾಣುವುದು ಅಪರೂಪ.

ಎಂಸಿಎಗೆ ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಎಂಸಿಎ ಮಾಡಿದವರು 'ಕಂಪ್ಯೂಟರ್ ಸೈನ್ಸ್ ಆ್ಯಂಡ್ ಅಪ್ಲಿಕೇಶನ್ಸ್' ವಿಷಯದಲ್ಲಿ ಯುಜಿಸಿ-ನೆಟ್ ಬರೆದು ಪದವಿ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಅರ್ಹರಾಗಬಹುದು. ಊರು ಬಿಡಲು ಮನಸ್ಸಿಲ್ಲದವರು ಇದನ್ನು ನೆನಪಿಡಬೇಕು.

ಪೂರ್ಣಕಾಲಿಕ ಎಂಸಿಎ ಆಗದವರಿಗೆ ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಬಿ.ಎಸ್. ಪದವಿ ಇದೆ. ಹೆಚ್ಚಿನ ಪಾಠ ಆನ್‌ಲೈನ್, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಪಿಯುಸಿ ಮುಗಿಸಿ, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಅದರ ಅರ್ಹತಾ ಹಂತಕ್ಕೆ ಸೇರಬಹುದು. ಪಿಯುಸಿ ಯಾವ ವಿಭಾಗ ಎಂಬುದು ಅಡ್ಡಿಯಲ್ಲ. ಇದು ಸ್ನಾತಕೋತ್ತರ ಪದವಿಯಲ್ಲ, ನಿಜ. ಆದರೆ ಶೂನ್ಯದಿಂದ ಶುರುಮಾಡುವವರನ್ನು ಗಮನದಲ್ಲಿಟ್ಟು ಕಟ್ಟಿದ ಕೋರ್ಸು.

ನಂಬಿಕೆ 5: ಹಿಂದಿನ ಓದೆಲ್ಲ ವ್ಯರ್ಥ

ಕನ್ವರ್ಶನ್ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಹಳೆಯದನ್ನು ಬಿಟ್ಟು ಹೊಸದಾಗುವುದು ಎಂಬ ಅರ್ಥ ಬರುತ್ತದೆ. ಕೆಲಸದ ಜಗತ್ತಿನಲ್ಲಿ ಹಾಗಿಲ್ಲ. ಜಿಎಸ್‌ಟಿ ಗೊತ್ತಿರುವ ಬಿ.ಕಾಂ. ಪದವೀಧರೆ ಲೆಕ್ಕಪತ್ರದ ಸಾಫ್ಟ್‌ವೇರ್ ತಂಡದಲ್ಲಿ ಮೊದಲ ದಿನದಿಂದಲೇ ಒಂದು ವಿಷಯದಲ್ಲಿ ಮುಂದಿರುತ್ತಾಳೆ. ಸಸ್ಯಶಾಸ್ತ್ರ ಓದಿದವನಿಗೆ ಅಡಿಕೆಯ ಎಲೆಚುಕ್ಕಿ ರೋಗದ ಚಿತ್ರಗಳನ್ನು ಕಂಪ್ಯೂಟರ್ ಗುರುತಿಸುವಂತೆ ಮಾಡುವ ಪ್ರಾಜೆಕ್ಟಿನಲ್ಲಿ, ಯಾವ ಚಿತ್ರ ರೋಗದ್ದು, ಯಾವುದು ಬಿಸಿಲಿಗೆ ಸುಟ್ಟದ್ದು ಎಂದು ಹೇಳುವ ಕಣ್ಣಿರುತ್ತದೆ. ಕನ್ನಡ ಎಂ.ಎ., ಬಿ.ಎ. ಓದಿದವರಿಗೆ ಭಾಷಾ ತಂತ್ರಜ್ಞಾನವಿದೆ. ಕಂಪ್ಯೂಟರಿಗೆ ಕನ್ನಡದ ವಿಭಕ್ತಿ, ಸಂಧಿ ಕಲಿಸಲು ವ್ಯಾಕರಣ ಬಲ್ಲವರೇ ಬೇಕು.

ಆದ್ದರಿಂದ ಪ್ರಾಜೆಕ್ಟಿನ ವಿಷಯ ಆರಿಸುವಾಗ ಎಲ್ಲರೂ ಮಾಡುವ ಗ್ರಂಥಾಲಯ ನಿರ್ವಹಣಾ ತಂತ್ರಾಂಶದ ಬದಲು, ನಿಮ್ಮ ಹಳೆಯ ಓದು ಉಪಯೋಗಕ್ಕೆ ಬರುವಂಥದ್ದನ್ನು ಆರಿಸಿ. ಸಂದರ್ಶನದಲ್ಲಿ "ನೀವು ಬಿ.ಎಸ್ಸಿ. ಸಸ್ಯಶಾಸ್ತ್ರ, ಇಲ್ಲಿಗೆ ಯಾಕೆ ಬಂದಿರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಆ ಪ್ರಾಜೆಕ್ಟೇ ಉತ್ತರವಾಗುತ್ತದೆ.

ಎಐ ಬಂದ ಮೇಲೆ ಇದೆಲ್ಲ ಬೇಕೇ?

ಈಗ ಎಐ ಉಪಕರಣಗಳು ಕೇಳಿದ ಕೂಡಲೇ ಪ್ರೋಗ್ರಾಂ ಬರೆದು ಕೊಡುತ್ತವೆ, ನಿಜ. ಆದರೆ ಕೊಟ್ಟದ್ದು ಸರಿಯೇ ತಪ್ಪೇ ಎಂದು ನೋಡಿ ಹೇಳುವ ಹೊಣೆ ಮನುಷ್ಯರದ್ದೇ. ಬರೀ ಸಾಲು ಬರೆಯಲು ಕಲಿತವರಿಗೆ ಕಷ್ಟದ ಕಾಲ. ಅಡಿಪಾಯ ತಿಳಿದು, ಜೊತೆಗೆ ಇನ್ನೊಂದು ಕ್ಷೇತ್ರವೂ ಗೊತ್ತಿರುವವರ ಸ್ಥಿತಿ ಅಷ್ಟು ಕೆಟ್ಟದಲ್ಲ. ಎಂಸಿಎ ಮುಗಿದ ಕೂಡಲೇ ಕೆಲಸ ಖಚಿತ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅದನ್ನು ಯಾವ ಪದವಿಯೂ ಕೊಡುವುದಿಲ್ಲ.

ನಮ್ಮ ಮೂರು ತಾಲೂಕುಗಳಿಂದ ಎಲ್ಲಿಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಪದವಿ ಕಾಲೇಜುಗಳಿಗೆ ಬರವಿಲ್ಲ. ಬಂಟ್ವಾಳದ ಎಸ್‌ವಿಎಸ್, ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಮಹಾವೀರ, ಈ ಮೂರೂ 1960ರ ದಶಕದವು. ವಾಮದಪದವು, ಪುಂಜಾಲಕಟ್ಟೆಯಂಥ ಕಡೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಪದವೀಧರರು ಇಲ್ಲಿಂದ ವರ್ಷವರ್ಷವೂ ಹೊರಬರುತ್ತಾರೆ.

ಇಂಜಿನಿಯರಿಂಗ್ ಕಾಲೇಜುಗಳೂ ಇಲ್ಲೇ ಇವೆ. ಮೂಡುಬಿದಿರೆಯ ಹತ್ತಿರದ ಮಿಜಾರು, ತೋಡಾರು, ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಎಲ್ಲ ಕಡೆ ವಿಟಿಯು ಸಂಯೋಜಿತ ಕಾಲೇಜುಗಳಿವೆ. ಯಾವುದರಲ್ಲಿ ಈ ವರ್ಷ ಎಂಸಿಎ ಇದೆ, ಎಷ್ಟು ಸೀಟು ಎಂಬುದು ಬದಲಾಗುವ ವಿಷಯ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಸೀಟು ಪಟ್ಟಿಯನ್ನೇ ನೋಡಿ. ಸ್ವಲ್ಪ ಆಚೆಗೆ ಹೋದರೆ ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲೇ ವಾಮಂಜೂರಿನ ಸೈಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಕಾರ್ಕಳ ಕಡೆ ನಿಟ್ಟೆ, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಇವೆ. ಕೊನೆಯ ಎರಡು ಪರಿಗಣಿತ ವಿಶ್ವವಿದ್ಯಾಲಯಗಳ ವ್ಯವಸ್ಥೆಯಲ್ಲಿವೆ. ಅವುಗಳ ಪ್ರವೇಶ ಮತ್ತು ಶುಲ್ಕದ ಕ್ರಮ ಬೇರೆಯೇ. ಪಿಜಿಸಿಇಟಿ ರ‍್ಯಾಂಕ್‌ನಿಂದ ಸಿಗುವ ಸರಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ದೊಡ್ಡ ವ್ಯತ್ಯಾಸವಿರುತ್ತದೆ. ಆದ್ದರಿಂದ ಆ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ದುಡ್ಡಿನ ವಿಷಯದಲ್ಲಿ ಮೂರು ಸಂಗತಿ. ಮೊದಲನೆಯದು, ತಾಯಿಯೋ ಅಜ್ಜಿಯೋ ಬೀಡಿ ಕಟ್ಟುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನವಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತಾಯಿಯ ಬೀಡಿ ಕಾರ್ಮಿಕರ ಗುರುತುಚೀಟಿ ಕಪಾಟಿನಲ್ಲಿ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ. ಎರಡನೆಯದು, ರೈತರ ಮಕ್ಕಳಿಗೆ ರಾಜ್ಯ ಸರಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿ. ಆ ವರ್ಷಕ್ಕೆ ನಿಮ್ಮ ಕೋರ್ಸು ಅದರಡಿ ಬರುತ್ತದೆಯೇ ನೋಡಿಕೊಳ್ಳಿ. ಮೂರನೆಯದು, ಬ್ಯಾಂಕ್ ಸಾಲ. 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆ ಇರುವುದರಿಂದ ಅದರಡಿ ಆಸ್ತಿ ಅಡವು ಬೇಕಿಲ್ಲ. ಆದರೆ ಒಂದು ವಿಷಯ ಮರೆಯಬೇಡಿ. ಓದುವಾಗ ಕಂತು ಕಟ್ಟಬೇಕಿಲ್ಲ ಎಂದರೆ ಬಡ್ಡಿ ನಿಂತಿದೆ ಎಂದಲ್ಲ. ಬಡ್ಡಿ ಸಬ್ಸಿಡಿ ಇಲ್ಲದವರಿಗೆ ಅದು ಓದುವ ಎರಡು ವರ್ಷವೂ ಸೇರುತ್ತಲೇ ಇರುತ್ತದೆ.

ಸೇರುವ ಮುನ್ನದ ಆರು ತಿಂಗಳು

ಕಳೆದುಹೋದ ಆ ಮೊದಲ ವರ್ಷವನ್ನು ನೀವೇ ಕಟ್ಟಿಕೊಳ್ಳಬೇಕು. ಪದವಿಯ ಕೊನೆಯ ಸೆಮಿಸ್ಟರಿನಿಂದ ಎಂಸಿಎ ತರಗತಿ ಆರಂಭವಾಗುವ ತನಕದ ಸಮಯವನ್ನು ಹೀಗೆ ಬಳಸಬಹುದು.

ಮೊದಲ ಎರಡು ವಾರ ಪರೀಕ್ಷೆಯ ಕಾಲ. ಪೈಥಾನ್‌ನಲ್ಲಿ ದಿನಕ್ಕೆ ಒಂದು ಗಂಟೆ ಕೂತು ಸಣ್ಣ ಪ್ರೋಗ್ರಾಂ ಬರೆಯಿರಿ. ಮನೆಯಲ್ಲಿ ದನ ಇದ್ದರೆ ಹಾಲಿನ ಸೊಸೈಟಿಯ ಚೀಟಿ ತೆಗೆದುಕೊಳ್ಳಿ. ಬೆಳಗ್ಗೆ, ಸಂಜೆ ಕೊಟ್ಟ ಲೀಟರ್ ಎಷ್ಟು, ಕೊಬ್ಬಿನ ಅಂಶಕ್ಕೆ ತಕ್ಕಂತೆ ದರ ಎಷ್ಟು, ಹದಿನೈದು ದಿನಕ್ಕೆ ಒಟ್ಟು ಎಷ್ಟು ಬರಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯಿರಿ. ಇಷ್ಟರಲ್ಲಿ ಷರತ್ತು, ಪುನರಾವರ್ತನೆ, ಪಟ್ಟಿ ಎಂಬ ಮೂರು ಮೂಲ ಪಾಠಗಳು ಬಂದುಬಿಡುತ್ತವೆ. ತಪ್ಪು ಹುಡುಕುವ ಕೆಲಸ ನಿಮಗೆ ಒಗಟು ಬಿಡಿಸಿದ ಖುಷಿ ಕೊಡುತ್ತದೆಯೋ, ಬರೀ ತಲೆನೋವೋ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಮುಂದಿನ ಮೂರು ತಿಂಗಳು ಅಡಿಪಾಯ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹಲವು ಪಾಠಗಳು ಕನ್ನಡದಲ್ಲೇ ಇವೆ, ಉಚಿತ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿಂದ ಶುರುಮಾಡಿ. ನಂತರ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರೊ. ಮಾಧವನ್ ಮುಕುಂದ್ ಅವರ ಪೈಥಾನ್, ಡೇಟಾ ಸ್ಟ್ರಕ್ಚರ್ ಪಾಠ ನೋಡಿ. ಅದೂ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಉಳಿದ ಎರಡು ಎರಡೂವರೆ ತಿಂಗಳು ಮೊದಲ ಸೆಮಿಸ್ಟರಿನ ಪಠ್ಯಕ್ರಮ ಇಟ್ಟುಕೊಂಡು ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ ವಿಷಯಗಳ ಮೊದಲ ಅಧ್ಯಾಯಗಳನ್ನು ಓದಿ. ಜೊತೆಗೆ ಪಿಜಿಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಮೊಬೈಲಿನಲ್ಲಿ ವಿಡಿಯೋ ನೋಡಬಹುದು, ಪ್ರೋಗ್ರಾಂ ಬರೆದು ಅಭ್ಯಾಸ ಮಾಡಲು ಮಾತ್ರ ಕೀಬೋರ್ಡ್ ಬೇಕು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಅದೂ ಆಗದಿದ್ದರೆ ಓದಿದ ಕಾಲೇಜಿನ ಲ್ಯಾಬ್ ಬಳಸಲು ಪ್ರಾಂಶುಪಾಲರನ್ನು ಕೇಳಿ ನೋಡಿ.

ಕಾಲೇಜಿನಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆ

ಫೀಸು ಎಷ್ಟು, ಹಾಸ್ಟೆಲ್ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇವನ್ನೂ ಕೇಳಿ:

1. ಬ್ರಿಜ್ ಕೋರ್ಸ್ ಯಾವಾಗ ನಡೆಯುತ್ತದೆ? ತರಗತಿ ಆರಂಭವಾಗುವ ಮೊದಲೋ, ಜೊತೆಗೋ? ವಾರಕ್ಕೆ ಎಷ್ಟು ಗಂಟೆ ಲ್ಯಾಬ್?
2. ಕಳೆದ ವರ್ಷ ಬಿಸಿಎ ಅಲ್ಲದ ಎಷ್ಟು ಮಂದಿ ಸೇರಿದ್ದರು? ಅವರಲ್ಲಿ ಎಷ್ಟು ಮಂದಿ ಎರಡೇ ವರ್ಷದಲ್ಲಿ ಪಾಸಾದರು?
3. ಪ್ಲೇಸ್‌ಮೆಂಟ್ ಲೆಕ್ಕದಲ್ಲಿ ಅವರಲ್ಲಿ ಎಷ್ಟು ಮಂದಿ ಇದ್ದಾರೆ? ಒಟ್ಟು ಶೇಕಡಾವಾರು ಬೇಡ, ಅವರದ್ದು ಮಾತ್ರ ಹೇಳಿ.
4. ಅವರಲ್ಲಿ ಒಬ್ಬರೊಡನೆ ಮಾತನಾಡಬಹುದೇ?

ನಾಲ್ಕನೆಯ ಪ್ರಶ್ನೆಗೆ ಹೌದು ಎನ್ನುವ ಕಾಲೇಜು ಸಿಕ್ಕಿದರೆ ಅರ್ಧ ಚಿಂತೆ ಕಡಿಮೆಯಾಯಿತು ಎಂದುಕೊಳ್ಳಿ.

ಒಟ್ಟಿನಲ್ಲಿ

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರಿಗೆ ಎಂಸಿಎ ಪರಕೀಯವಲ್ಲ, ಅದು ಹುಟ್ಟಿದ್ದೇ ಅವರಿಗಾಗಿ. ಗಣಿತದ ಗೋಡೆ ತಗ್ಗಿದೆ. ಆದರೆ 2020ರಿಂದ ಅಡಿಪಾಯದ ವರ್ಷ ಇಲ್ಲ, ಅದನ್ನು ತುಂಬುವ ಹೊಣೆ ವಿದ್ಯಾರ್ಥಿಯದ್ದೇ ಆಗಿದೆ. ಆರು ತಿಂಗಳು ತಯಾರಿ ಮಾಡಿ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ಕಾಲೂರಲು ನೆಲ ಸಿಗುತ್ತದೆ. ಎರಡು ವಾರ ಪ್ರಯತ್ನಿಸಿ "ಇದು ನನಗೆ ಬೇಡ" ಎಂದು ತಿಳಿದವರೂ ಸೋತವರಲ್ಲ. ಎರಡು ವರ್ಷ ಮತ್ತು ಮನೆಯವರ ದುಡ್ಡು ಉಳಿಸಿದವರು.

ಮುಂದಿನ ಸಲ ಮದುವೆ ಪಂಕ್ತಿಯಲ್ಲಿ ಯಾರಾದರೂ "ಬಿ.ಕಾಂ.ನವಳಿಗೆ ಕಂಪ್ಯೂಟರ್ ಯಾಕೆ?" ಎಂದರೆ, ಜಗಳಕ್ಕೆ ಹೋಗಬೇಡಿ. ಹಾಲಿನ ಲೆಕ್ಕದ ಪ್ರೋಗ್ರಾಂ ಬರೆದಾಯಿತೇ ಎಂದು ಆ ಹುಡುಗಿಯನ್ನೇ ಕೇಳಿ. ಸೇರಬೇಕೋ ಬೇಡವೋ ಎಂಬುದನ್ನು ಪಂಕ್ತಿಯವರಿಗಿಂತ ಅವಳೇ ಚೆನ್ನಾಗಿ ಹೇಳುತ್ತಾಳೆ.